ಡಿವಿಡಿ ಮೆನು ಮಾಡಲು ಯಾವ ಸಾಫ್ಟ್‌ವೇರ್? ರಿಮೋಟ್ ಹಿಡಿಯುವ ಕೈಯಿಂದ ಶುರು ಮಾಡೋಣ

ಕೊಡಗಿನ ಭಾಗಮಂಡಲದ ಆಚೆ ಒಂದು ಐನ್‌ಮನೆ, ಅಂದರೆ ಕುಟುಂಬದ ಮೂಲ ಮನೆ. ಕಕ್ಕಡ ತಿಂಗಳ ಮಳೆ. ಮೂರು ದಿನ ಇಲ್ಲದ ಕರೆಂಟು ಅವತ್ತು ಮಧ್ಯಾಹ್ನ ಬಂದಿತ್ತು. ಆ ಮನೆಯ ಅಜ್ಜಿ ಮೊಮ್ಮಗಳ ಮದುವೆಯ ಡಿವಿಡಿ ಹಾಕಿಸಿದರು. ಅದನ್ನು ಮಾಡಿಕೊಟ್ಟವನು ನಾನೇ. ಟಿವಿಯಲ್ಲಿ ಮೆನು ಬಂತು, ಹಿಂದೆ ವಾಲಗ ಕೇಳಿಸಿತು. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ರಿಮೋಟ್ ಹಿಡಿದರು. ಸ್ವಲ್ಪ ಹೊತ್ತು ನೋಡಿ, "ಮಗಾ, ಗಂಗಾ ಪೂಜೆ ಎಲ್ಲಿ ಉಂಟು ಇದ್ರಲ್ಲಿ?" ಅಂತ ಕೇಳಿದರು.

ಗಂಗಾ ಪೂಜೆಯ ಬಟನ್ ಎಲ್ಲಕ್ಕಿಂತ ಕೆಳಗಿತ್ತು. ಆ ಹಳೆಯ ಡಬ್ಬಾ ಟಿವಿ ಅದರ ಅರ್ಧ ಅಕ್ಷರ ನುಂಗಿಬಿಟ್ಟಿತ್ತು. ಈಗ ಯಾವ ಬಟನ್ ಮೇಲೆ ಇದ್ದೇವೆ ಅಂತ ತೋರಿಸುವ ಬಣ್ಣ ತೆಳು ಹಳದಿ, ಅವರ ಕಣ್ಣಿಗೆ ಬೀಳಲೇ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಚೆನ್ನಾಗಿ ಕಂಡಿತ್ತು. ನೂರಾರು ಟೆಂಪ್ಲೇಟ್, ಅಂದರೆ ಸಿದ್ಧ ಮಾದರಿ, ಇದೆ ಅನ್ನುವ ಕಾರಣಕ್ಕೆ ಆರಿಸಿದ ಸಾಫ್ಟ್‌ವೇರ್ ಅದು. ಬಟನ್ ಜಾಗ ಬದಲಿಸೋಣ ಅಂದರೆ ಅದರಲ್ಲಿ ಆಗುತ್ತಿರಲಿಲ್ಲ. ಹೈಲೈಟ್ ಬಣ್ಣ ಬದಲಿಸಲೂ ಆಗುತ್ತಿರಲಿಲ್ಲ. ಆ ಮನೆಗೆ ಇಡೀ ಡಿಸ್ಕ್ ಬೇರೆ ಸಾಫ್ಟ್‌ವೇರ್‌ನಲ್ಲಿ ಮತ್ತೆ ಮಾಡಿಕೊಟ್ಟೆ.

ಅಲ್ಲಿಂದ ನಾನು ಸಾಫ್ಟ್‌ವೇರ್ ಆರಿಸುವ ರೀತಿಯೇ ಬದಲಾಯಿತು. ಮೊದಲು ನೋಡುವವರು, ಆಮೇಲೆ ಮೆನು, ಕೊನೆಗೆ ಸಾಫ್ಟ್‌ವೇರ್. ಈ ಲೇಖನವೂ ಅದೇ ಕ್ರಮದಲ್ಲಿ ಹೋಗುತ್ತದೆ.

ಈಗ ಡಿವಿಡಿ ಯಾರು ನೋಡುತ್ತಾರೆ ಅಂತ ಕೇಳುವವರಿಗೆ ಒಂದು ಮಾತು. ಕೊಡಗಿನಲ್ಲಿ ಎಷ್ಟೋ ತೋಟದ ಮನೆಗಳಿಗೆ ಇವತ್ತಿಗೂ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಮೂರು ಗಂಟೆಯ ಮದುವೆ ವಿಡಿಯೋವನ್ನು ಅಲ್ಲಿ ಆನ್‌ಲೈನ್‌ನಲ್ಲಿ ನೋಡುವುದು ಆಗದ ಮಾತು. ಪೆನ್‌ಡ್ರೈವ್ ಕೊಡಬಹುದು, ನಾನೂ ಕೊಡುತ್ತೇನೆ. ಆದರೆ ಪೆನ್‌ಡ್ರೈವ್ ತೆರೆದರೆ ಬರುವುದು ಬರೀ ಫೈಲ್ ಹೆಸರುಗಳ ಪಟ್ಟಿ. ಬೇಕಾದ ಶಾಸ್ತ್ರದ ಮೇಲೆ ಬಂದು ಒತ್ತಿದರೆ ನೇರವಾಗಿ ಅಲ್ಲಿಗೇ ಹೋಗುವ ಸುಖ ಡಿವಿಡಿ ಮೆನುವಿನಲ್ಲಿದೆ. ಹಾಗಾಗಿ ಆ ಮೆನು ಸರಿಯಾಗಿರಬೇಕು.

ಹೆಜ್ಜೆ 1: ಎಲ್ಲಿ ನೋಡುತ್ತಾರೆ ಅಂತ ಕೇಳಿ

ಇದಕ್ಕೆ ಎರಡು ನಿಮಿಷ ಸಾಕು. ಡಿವಿಡಿ ಕೊಡುವ ಮನೆಯಲ್ಲಿ ಯಾವ ಟಿವಿ ಇದೆ? ಹಳೆಯ ಡಬ್ಬಾ ಟಿವಿಯೋ, ಅಗಲದ ಎಲ್‌ಇಡಿಯೋ? ರಿಮೋಟ್ ಯಾರ ಕೈಯಲ್ಲಿ ಇರುತ್ತದೆ? ಕನ್ನಡ ಓದುತ್ತಾರಾ? ಮದುವೆಗೆ ಹತ್ತು ಪ್ರತಿ ಮಾಡಿದರೆ ಎರಡಾದರೂ ಹಳೆಯ ಟಿವಿ ಇರುವ ಮನೆಗೆ ಹೋಗುತ್ತವೆ. ಆ ಎರಡು ಮನೆಗಳನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅಲ್ಲಿ ಚೆನ್ನಾಗಿ ಕಂಡದ್ದು ಎಲ್ಲ ಕಡೆ ಚೆನ್ನಾಗಿ ಕಾಣುತ್ತದೆ.

ಹೆಜ್ಜೆ 2: ಮೆನುವನ್ನು ಪೇಪರ್ ಮೇಲೆ ಬರೆಯಿರಿ

ಕಂಪ್ಯೂಟರ್ ಇನ್ನೂ ಆನ್ ಮಾಡಬೇಡಿ. ಒಂದು ಹಾಳೆ ತೆಗೆದುಕೊಂಡು ಟಿವಿ ಆಕಾರದ ಚೌಕ ಬರೆಯಿರಿ. ಅದು ಮೊದಲ ಮೆನು. ಅಲ್ಲಿ ಮೂರು ಬಟನ್ ಸಾಕು: "ಪೂರ್ತಿ ನೋಡಿ", "ಶಾಸ್ತ್ರಗಳು", "ಫೋಟೋಗಳು".

"ಶಾಸ್ತ್ರಗಳು" ಒತ್ತಿದರೆ ಎರಡನೇ ಚೌಕ. ಕೊಡವ ಮದುವೆಯಾದರೆ ಊರ್ ಕೂಡುವ ದಿನ, ಮುಹೂರ್ತ, ಬಾಳೆ ಕಡಿಯುವುದು, ದಂಪತಿ ಮುಹೂರ್ತ, ಸಂಬಂಧ ಕೊಡುವುದು, ಗಂಗಾ ಪೂಜೆ. ಆರಾಯಿತು. ಒಂದು ಪುಟಕ್ಕೆ ಆರು ಬಟನ್‌ಗಿಂತ ಜಾಸ್ತಿ ಬೇಡ ಅನ್ನುವುದು ನನ್ನ ಅನುಭವ. ಡಿವಿಡಿಯ ನಿಯಮದ ಪ್ರಕಾರ ಒಂದು ಮೆನುವಿನಲ್ಲಿ 36 ಬಟನ್ ತನಕ ಇಡಬಹುದು. ಇಡಬಹುದು ಅಂತ ಇಟ್ಟರೆ ಓದುವುದು ಯಾರು? ಇನ್ನೂ ಭಾಗಗಳಿದ್ದರೆ "ಮುಂದೆ" ಅಂತ ಒಂದು ಬಟನ್ ಇಟ್ಟು ಇನ್ನೊಂದು ಪುಟ ಮಾಡಿ.

ಅರೆಭಾಷೆ ಗೌಡರ ಮದುವೆ, ಪುತ್ತರಿ ಕೋಲಾಟ, ಹಾಕಿ ಟೂರ್ನಿ, ಯಾವುದೇ ಆಗಲಿ, ಭಾಗಗಳ ಹೆಸರನ್ನು ಮನೆಯವರನ್ನೇ ಕೇಳಿ ಬರೆಯಿರಿ. ಒಂದೇ ಶಾಸ್ತ್ರಕ್ಕೆ ನಾಡಿನಿಂದ ನಾಡಿಗೆ ಹೆಸರು ಸ್ವಲ್ಪ ಬೇರೆ ಇರುತ್ತದೆ. ಅವರು ಹೇಳುವ ಹೆಸರೇ ಮೆನುವಿನಲ್ಲಿ ಇರಬೇಕು.

ಈಗ ಬಾಣ ಎಳೆಯಿರಿ. ಈ ಬಟನ್ ಒತ್ತಿದರೆ ಎಲ್ಲಿಗೆ ಹೋಗಬೇಕು? ಆ ಭಾಗ ಮುಗಿದ ಮೇಲೆ ಮುಂದಿನ ಭಾಗ ಓಡಬೇಕಾ, ಮೆನುವಿಗೆ ವಾಪಸ್ ಬರಬೇಕಾ? ಇದು ತುಂಬ ಮುಖ್ಯ. ಮದುವೆಯಲ್ಲಿ ಮುಂದಿನದು ತಾನಾಗಿ ಓಡಿದರೆ ಚೆಂದ. ಹಾಕಿ ಟೂರ್ನಿಯಲ್ಲಿ ಒಂದು ಮ್ಯಾಚ್ ಮುಗಿದ ಮೇಲೆ ಮೆನುವಿಗೆ ಬರುವುದು ಚೆಂದ. ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಕರಡದಲ್ಲಿ ಶುರುವಾಯಿತು, ಪಾಂಡಂಡ ಕುಟುಂಬದವರಿಂದ. ಅಲ್ಲಿಂದ ಒಂದೊಂದು ವರ್ಷ ಒಂದೊಂದು ಕುಟುಂಬ ನಡೆಸಿಕೊಂಡು ಬಂದಿದೆ. ತಮ್ಮ ಒಕ್ಕದ, ಅಂದರೆ ಕುಟುಂಬದ, ಮ್ಯಾಚನ್ನು ಮಾತ್ರ ಮತ್ತೆ ಮತ್ತೆ ನೋಡುವವರು ಎಷ್ಟು ಜನ! ಅವರಿಗೆ ಬೇರೆಯವರ ಮ್ಯಾಚ್ ತಾನಾಗಿ ಶುರುವಾದರೆ ಕಿರಿಕಿರಿ.

ಬಾಣ ಎಳೆದ ಆ ಹಾಳೆಯನ್ನು ಜೋಪಾನವಾಗಿ ಇಡಿ. ಸಾಫ್ಟ್‌ವೇರ್ ಪರೀಕ್ಷೆಗೆ ಅದೇ ಪ್ರಶ್ನೆಪತ್ರಿಕೆ.

ಹೆಜ್ಜೆ 3: ಡಿಸ್ಕಿನಲ್ಲಿ ಎಷ್ಟು ಹಿಡಿಯುತ್ತದೆ

ಸಾಮಾನ್ಯ ಡಿವಿಡಿಯಲ್ಲಿ 4.7 ಜಿಬಿ ಜಾಗ. ಕಂಪ್ಯೂಟರ್ ಎಣಿಸುವ ರೀತಿ ಬೇರೆ, ಹಾಗಾಗಿ ಅದು 4.37 ಅಂತ ತೋರಿಸುತ್ತದೆ. ಗಾಬರಿ ಬೇಡ.

ಲೆಕ್ಕಕ್ಕೆ ಸುಲಭದ ದಾರಿ ಒಂದಿದೆ. 600ನ್ನು ವಿಡಿಯೋದ ನಿಮಿಷಗಳಿಂದ ಭಾಗಿಸಿ. ಬರುವ ಸಂಖ್ಯೆ ನಿಮಗೆ ಸಿಗುವ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೋಗೆ ಎಷ್ಟು ಡೇಟಾ ಅನ್ನುವುದು, ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ ಮೆಗಾಬಿಟ್), ಧ್ವನಿಯೂ ಸೇರಿ. 100 ನಿಮಿಷಕ್ಕೆ 6. 120 ನಿಮಿಷಕ್ಕೆ 5. 200 ನಿಮಿಷಕ್ಕೆ 3. ಒಂದು ಗಂಟೆಗೆ 10 ಅಂತ ಬರುತ್ತದೆ, ಆದರೆ 8ರ ಮೇಲೆ ಹೋಗಬೇಡಿ. ಡಿವಿಡಿ ವಿಡಿಯೋದ ಮಿತಿಯೇ 9.8. ಹಳೆಯ ಪ್ಲೇಯರ್‌ಗಳು ಅದರ ಹತ್ತಿರ ಹೋದರೆ ತಡವರಿಸುತ್ತವೆ.

4ಕ್ಕಿಂತ ಕೆಳಗೆ ಬಂದರೆ ಕುಣಿತ, ಮಳೆ, ಹಾಕಿ ಎಲ್ಲದರಲ್ಲೂ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಗಂಗಾ ಪೂಜೆಯಲ್ಲಿ ಮದುಮಗಳ ದಾರಿಗೆ ಅಡ್ಡ ನಿಂತು ಗಂಟೆಗಟ್ಟಲೆ ಕುಣಿಯುತ್ತಾರಲ್ಲ, ಅಲ್ಲಿ ಮೊದಲು ಗೊತ್ತಾಗುತ್ತದೆ. ಎರಡು ದಿನದ ಮದುವೆಯಾದರೆ ಎರಡು ಡಿಸ್ಕ್ ಮಾಡಿ. 8.5 ಜಿಬಿಯ ಡಬಲ್ ಲೇಯರ್ ಡಿಸ್ಕ್ ಇದೆ. ಅದಕ್ಕೆ ಬೆಲೆ ಜಾಸ್ತಿ, ಹಳೆಯ ಪ್ಲೇಯರ್‌ಗಳಲ್ಲಿ ಓದದೆ ಇರುವುದೂ ಉಂಟು. ನಾನು ಅದರ ಕಡೆ ಹೋಗುವುದಿಲ್ಲ.

ಹೆಜ್ಜೆ 4: ಸಾಫ್ಟ್‌ವೇರ್‌ಗೆ ಕೇಳಬೇಕಾದ ಪ್ರಶ್ನೆಗಳು

ಈಗ ಕಂಪ್ಯೂಟರ್ ಆನ್ ಮಾಡಿ. ಯಾವ ಸಾಫ್ಟ್‌ವೇರ್ ಇರಲಿ, ದುಡ್ಡಿನದಾಗಲಿ, ಬಿಟ್ಟಿ ಸಿಗುವುದಾಗಲಿ, ಇವನ್ನು ನೋಡಿ.

ಮೊದಲನೆಯದು, ಪಾಲ್ ಇದೆಯಾ? ನಮ್ಮ ದೇಶದ ಟಿವಿ ಪದ್ಧತಿ ಪಾಲ್. ಅಂದರೆ 720ಕ್ಕೆ 576 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್. ಎಷ್ಟೋ ಸಾಫ್ಟ್‌ವೇರ್ ಶುರುವಿಗೇ ಎನ್‌ಟಿಎಸ್‌ಸಿ ಅಂತ ಇಟ್ಟುಕೊಂಡಿರುತ್ತವೆ, ಅದು ಅಮೆರಿಕದ ಪದ್ಧತಿ. ಬದಲಿಸಲು ಮರೆತರೆ ಎಲ್ಲ ಕೆಲಸ ಮುಗಿದ ಮೇಲೆ ಚಿತ್ರ ಜರ್ಕ್ ಹೊಡೆಯುತ್ತದೆ.

ಎರಡನೆಯದು, ಬಟನ್ ನಿಮಗೆ ಬೇಕಾದಲ್ಲಿ ಇಡಲು ಬಿಡುತ್ತದಾ? ಸುಮ್ನೆ ಟೆಂಪ್ಲೇಟ್ ಕೊಟ್ಟು ಕೈತೊಳೆದುಕೊಳ್ಳುವ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ಹಳೆಯ ಟಿವಿ ನಾಲ್ಕೂ ಅಂಚಿನಲ್ಲಿ ಚಿತ್ರವನ್ನು ಕತ್ತರಿಸುತ್ತದೆ. ಅದಕ್ಕೆ ಅಕ್ಷರ, ಬಟನ್ ಎಲ್ಲವನ್ನೂ ಅಂಚಿನಿಂದ ಹತ್ತನೇ ಒಂದು ಭಾಗ ಒಳಗೆ ಇಡಬೇಕು. ಪಾಲ್‌ನಲ್ಲಿ ಎಡಬಲಕ್ಕೆ 72 ಪಿಕ್ಸೆಲ್, ಮೇಲೆ ಕೆಳಗೆ 58 ಪಿಕ್ಸೆಲ್. ಆ ಸುರಕ್ಷಿತ ಜಾಗದ ಗೆರೆಯನ್ನು ತಾನೇ ತೋರಿಸುವ ಸಾಫ್ಟ್‌ವೇರ್ ಆದರೆ ಇನ್ನೂ ಒಳ್ಳೆಯದು. ನನ್ನ ಮೊದಲ ಡಿಸ್ಕಿನಲ್ಲಿ ಗಂಗಾ ಪೂಜೆಯ ಅಕ್ಷರ ಹೋದದ್ದು ಈ ಗೆರೆಯ ಆಚೆ.

ಮೂರನೆಯದು ಹೈಲೈಟ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಿವಿಡಿ ಮೆನು ಅಂದರೆ ಎರಡು ಪದರ. ಕೆಳಗೆ ಚಿತ್ರ ಅಥವಾ ವಿಡಿಯೋ. ಅದರ ಮೇಲೆ ಗಾಜಿನ ಹಾಳೆಯಂಥ ಇನ್ನೊಂದು ಪದರ, ಬಟನ್‌ನ ಹೈಲೈಟ್ ಇರುವುದು ಅದರಲ್ಲಿ. ಈ ಮೇಲಿನ ಪದರಕ್ಕೆ ಒಟ್ಟು ನಾಲ್ಕೇ ಬಣ್ಣ, ಪಾರದರ್ಶಕವಾದದ್ದೂ ಅದರಲ್ಲೇ ಸೇರಿತು. ನೆರಳು, ನಯವಾದ ಅಂಚು, ಬಣ್ಣ ಬಣ್ಣಕ್ಕೆ ಕರಗುವುದು, ಇವೆಲ್ಲ ಅಲ್ಲಿ ನಡೆಯುವುದಿಲ್ಲ. ಅಕ್ಷರಕ್ಕೇ ಹೈಲೈಟ್ ಬಣ್ಣ ಹಾಕಿದರೆ ಕನ್ನಡದ ದುಂಡು ಅಂಚುಗಳು ಗರಗಸದ ಹಲ್ಲಿನ ಹಾಗೆ ಕಾಣುತ್ತವೆ. ಅದಕ್ಕೆ ನಾನು ಅಕ್ಷರವನ್ನು ಮುಟ್ಟುವುದೇ ಇಲ್ಲ. ಹೆಸರಿನ ಎಡಕ್ಕೆ ದಪ್ಪ ಗುರುತೊಂದು ಹೊತ್ತಿಕೊಳ್ಳುವ ಹಾಗೆ ಮಾಡುತ್ತೇನೆ. ಒಂದು ಮದುವೆಗೆ ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಆಕಾರ ಇಟ್ಟಿದ್ದೆ, ಮನೆಯವರಿಗೆ ತುಂಬ ಇಷ್ಟವಾಯಿತು. ದಪ್ಪ ಬಾಣವಾದರೂ ಸಾಕು. ಹೈಲೈಟ್‌ನ ಆಕಾರವನ್ನೂ ಬಣ್ಣವನ್ನೂ ನೀವೇ ನಿರ್ಧರಿಸಲು ಬಿಡುವ ಸಾಫ್ಟ್‌ವೇರ್ ಆರಿಸಿ. ಆರಿಸಿದ ಬಟನ್‌ಗೆ ಒಂದು ಬಣ್ಣ, ಒತ್ತಿದ ಕ್ಷಣಕ್ಕೆ ಇನ್ನೊಂದು ಬಣ್ಣ ಕೊಡಲು ಬರಬೇಕು. ಒತ್ತಿದ್ದು ತಾಗಿತು ಅಂತ ವಯಸ್ಸಾದವರಿಗೆ ಗೊತ್ತಾಗುವುದು ಆ ಎರಡನೇ ಬಣ್ಣದಿಂದ.

ನಾಲ್ಕನೆಯದು, ಮೆನುವನ್ನು 4:3 ಅಳತೆಯಲ್ಲಿ (ಹಳೆಯ ಟಿವಿಯ ಆಕಾರ), ವಿಡಿಯೋವನ್ನು 16:9 ಅಳತೆಯಲ್ಲಿ (ಅಗಲದ ಟಿವಿಯ ಆಕಾರ) ಇಡಲು ಆಗುತ್ತದಾ? ಡಿವಿಡಿ ನಿಯಮ ಇದಕ್ಕೆ ಅವಕಾಶ ಕೊಡುತ್ತದೆ. ಯಾಕೆ ಬೇಕು ಅಂತೀರಾ? ಅಗಲದ ಮೆನುವನ್ನು ಹಳೆಯ ಟಿವಿಗೆ ಹಾಕಿದರೆ ಪ್ಲೇಯರ್ ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿಸಿ ಚಿತ್ರವನ್ನು ಕುಗ್ಗಿಸುತ್ತದೆ. ಹೈಲೈಟ್ ಪದರವನ್ನೂ ಆ ಅಳತೆಗೆ ಬೇರೆಯಾಗಿ ಮಾಡಿರಬೇಕು. ಮಾಡದ ಸಾಫ್ಟ್‌ವೇರ್ ಆದರೆ ಅಕ್ಷರ ಒಂದು ಕಡೆ, ಹೈಲೈಟ್ ಇನ್ನೊಂದು ಕಡೆ. ಹಳೆಯ ಟಿವಿಗೂ ಹೋಗುವ ಡಿಸ್ಕ್ ಆದರೆ 4:3 ಮೆನು ಮಾಡಿಬಿಡಿ, ಆ ತಲೆನೋವೇ ಇರುವುದಿಲ್ಲ.

ಐದನೆಯದು, ಬಾಣದ ಕೀಲಿಗಳ ದಾರಿ ನಿಮ್ಮ ಕೈಯಲ್ಲಿದೆಯಾ? ರಿಮೋಟ್‌ನಲ್ಲಿ ಕೆಳಗೆ ಒತ್ತಿದರೆ ಯಾವ ಬಟನ್‌ಗೆ ಹೋಗಬೇಕು ಅನ್ನುವುದನ್ನು ಸಾಫ್ಟ್‌ವೇರ್ ತಾನೇ ಊಹಿಸುತ್ತದೆ. ಎಲ್ಲ ಬಟನ್ ಒಂದೇ ಸಾಲಿನಲ್ಲಿದ್ದರೆ ಊಹೆ ಸರಿ ಇರುತ್ತದೆ. ಓರೆಕೋರೆಯಾಗಿ ಇಟ್ಟರೆ ಹೈಲೈಟ್ ಎಲ್ಲೆಲ್ಲೋ ಹಾರುತ್ತದೆ. ಕೈಯಿಂದ ಬದಲಿಸಲು ಬರಬೇಕು.

ಭಾಗ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು ಅಂತ ಹೇಳುವ ಸೌಲಭ್ಯವೂ ಬೇಕು. ನಿಮ್ಮ ಹಾಳೆಯ ಬಾಣಗಳು ನೆನಪಿವೆ ಅಲ್ವಾ?

ಟೆಂಪ್ಲೇಟ್ ಎಷ್ಟಿವೆ ಅನ್ನುವ ಪ್ರಶ್ನೆ ಈ ಪಟ್ಟಿಯಲ್ಲಿ ಬರಲೇ ಇಲ್ಲ ನೋಡಿ. ಗುಲಾಬಿ ಹೃದಯದ ಟೆಂಪ್ಲೇಟ್ ಎಲ್ಲರ ಮದುವೆಯಲ್ಲೂ ಒಂದೇ ಥರ ಇರುತ್ತದೆ. ಐನ್‌ಮನೆಯ ಕಂಬದ ಒಂದು ಒಳ್ಳೆಯ ಫೋಟೋ ಅದಕ್ಕಿಂತ ಎಷ್ಟೋ ಚೆಂದ.

ಹೆಜ್ಜೆ 5: ಯಾರಿಗೆ ಯಾವುದು

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಡಿವಿಡಿಸ್ಟೈಲರ್. ಬಿಟ್ಟಿ ಸಿಗುತ್ತದೆ, ಓಪನ್ ಸೋರ್ಸ್. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಇದೆ. ಹೊಸ ಪ್ರಾಜೆಕ್ಟ್ ತೆರೆದಾಗಲೇ ಪಾಲ್, ಅಳತೆ, ಡಿಸ್ಕಿನ ಜಾಗ ಎಲ್ಲ ಕೇಳುತ್ತದೆ. ಹಿನ್ನೆಲೆಗೆ ನಿಮ್ಮ ಚಿತ್ರ ಹಾಕಬಹುದು, ಬಟನ್‌ಗಳನ್ನು ಎಳೆದು ಬೇಕಾದಲ್ಲಿ ಇಡಬಹುದು. ಭಾಗ ಮುಗಿದ ಮೇಲೆ ಏನಾಗಬೇಕು ಅಂತ ಬರೆಯುವ ಜಾಗವೂ ಇದೆ. ನೋಡಲು ಸ್ವಲ್ಪ ಹಳೆಯ ಕಾಲದ ಹಾಗಿದೆ, ಅದು ಅಡ್ಡಿಯಲ್ಲ. ಇದನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ಪ್ರತಿ ಪುಟವನ್ನೂ ಓದಿ, ಬೇರೆ ಯಾವುದಾದರೂ ಸಾಫ್ಟ್‌ವೇರ್ ಸೇರಿಸಲು ಕೇಳಿದರೆ ಟಿಕ್ ತೆಗೆಯಿರಿ. ಬಿಟ್ಟಿ ಸಾಫ್ಟ್‌ವೇರ್ ಯಾವುದಕ್ಕೂ ಈ ಎಚ್ಚರ ಬೇಕು.

ಡಿವಿಡಿ ಫ್ಲಿಕ್ ಇನ್ನೂ ಸುಲಭ. ಆದರೆ ವಿಂಡೋಸ್‌ಗೆ ಮಾತ್ರ. ಅದರ ಕೊನೆಯ ಆವೃತ್ತಿ ಬಂದದ್ದು 2009ರಲ್ಲಿ. ಮೆನುವಿಗೆ ಅದು ಕೊಡುವ ಟೆಂಪ್ಲೇಟ್‌ಗಳಷ್ಟೇ, ಬಟನ್ ಜಾಗ ಬದಲಿಸಲು ಆಗುವುದಿಲ್ಲ. ಹಾಕಿದ ಕೂಡಲೇ ಓಡುವ, ಮೆನುವೇ ಬೇಡದ ಡಿಸ್ಕ್ ಆದರೆ ಅದು ಸಾಕು.

ಲಿನಕ್ಸ್ ಇರುವವರಿಗೆ ಬೊಂಬೋನೊ ಡಿವಿಡಿ, ಡೆವೆಡೆ ಇವೆ. ಬೊಂಬೋನೊದಲ್ಲಿ ಮೆನುವನ್ನು ಎಳೆದು ಜೋಡಿಸಬಹುದು. ಡೆವೆಡೆಯ ಮೆನು ಬರೀ ಹೆಸರುಗಳ ಪಟ್ಟಿಯ ಥರ. ಇವುಗಳ ಹಿಂದೆ ನಿಜವಾದ ಕೆಲಸ ಮಾಡುವುದು ಡಿವಿಡಿಆಥರ್ ಅನ್ನುವ ಆಜ್ಞೆ ಬರೆದು ಓಡಿಸುವ ಪ್ರೋಗ್ರಾಂ. ಡಿವಿಡಿಸ್ಟೈಲರ್ ನಿಂತಿರುವುದೂ ಅದರ ಮೇಲೇ.

ಸ್ಟುಡಿಯೋದವರು ಇವತ್ತಿಗೂ ನೆನೆಯುವುದು ಅಡೋಬಿ ಎನ್‌ಕೋರ್. ಫೋಟೋಶಾಪ್‌ನಲ್ಲಿ ಪದರಪದರವಾಗಿ ಮಾಡಿದ ಮೆನುವನ್ನು ಹಾಗೇ ತೆಗೆದುಕೊಳ್ಳುತ್ತಿತ್ತು. ಬಾಣ ಎಳೆದ ನಕ್ಷೆಯನ್ನೂ ತೋರಿಸುತ್ತಿತ್ತು, ನಮ್ಮ ಹಾಳೆಯ ಹಾಗೇ. ಆದರೆ 2012ರ ಸಿಎಸ್6 ಅದರ ಕೊನೆಯ ಆವೃತ್ತಿ, ಅಲ್ಲಿಗೆ ನಿಂತುಹೋಯಿತು. ಲೈಸೆನ್ಸ್ ಇರುವ ಹಳೆಯ ಕಂಪ್ಯೂಟರ್ ನಿಮ್ಮ ಹತ್ತಿರ ಇದ್ದರೆ ಅದನ್ನು ಕಾಪಾಡಿಕೊಳ್ಳಿ. ಇಲ್ಲದವರು ಕದ್ದ ಪ್ರತಿ ಹುಡುಕಿಕೊಂಡು ಹೋಗಬೇಡಿ. ವೈರಸ್ ಬಂದು ಒಂದು ಸೀಸನ್ನಿನ ಮದುವೆ ಫುಟೇಜ್ ಎಲ್ಲ ಹೋದರೆ ಯಾರ ಮನೆಗೆ ಹೋಗಿ ಏನು ಹೇಳುತ್ತೀರಿ?

ವೇಗಾಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ವಿಡಿಯೋ ಎಡಿಟ್ ಮಾಡುವವರಿಗೆ ಡಿವಿಡಿ ಆರ್ಕಿಟೆಕ್ಟ್ ಪರಿಚಯ ಇರುತ್ತದೆ. ಮೊದಲು ಸೋನಿಯದಾಗಿತ್ತು, 2016ರಲ್ಲಿ ಮ್ಯಾಜಿಕ್ಸ್ ಕೈಗೆ ಹೋಯಿತು. ಈಗಾಗಲೇ ನಿಮ್ಮ ಹತ್ತಿರ ಇದ್ದರೆ ಬೇರೆ ಹುಡುಕುವುದೇ ಬೇಡ, ಮೇಲಿನ ಪ್ರಶ್ನೆಗಳಲ್ಲಿ ಜಾಸ್ತಿ ಪಾಲಿಗೆ ಅದು ಉತ್ತರ ಕೊಡುತ್ತದೆ. ದುಡ್ಡು ಕೊಟ್ಟು ಹೊಸದಾಗಿ ತೆಗೆದುಕೊಳ್ಳುವುದಾದರೆ ಟಿಎಂಪಿಜಿಎನ್‌ಸಿ ಆಥರಿಂಗ್ ವರ್ಕ್ಸ್ ಅನ್ನೂ ನೋಡಿ. ಯಾವುದಕ್ಕೇ ಆಗಲಿ, ದುಡ್ಡು ಕಟ್ಟುವ ಮೊದಲು ಟ್ರಯಲ್ ಆವೃತ್ತಿಯಲ್ಲಿ ಏಳನೇ ಹೆಜ್ಜೆಯ ಪರೀಕ್ಷೆ ಮಾಡಿ.

ಹಳೆಯ ವಿಂಡೋಸ್ 7 ಕಂಪ್ಯೂಟರಿನಲ್ಲಿ ವಿಂಡೋಸ್ ಡಿವಿಡಿ ಮೇಕರ್ ಇರಬಹುದು. ವಿಂಡೋಸ್ 8ರಿಂದ ಅದನ್ನು ತೆಗೆದುಹಾಕಿದರು. ಮ್ಯಾಕ್‌ನ ಐಡಿವಿಡಿಯನ್ನು ಹೊಸ ಮ್ಯಾಕ್‌ಗಳ ಜೊತೆ ಕೊಡುವುದು 2011ರಲ್ಲೇ ನಿಂತಿತು. ಎರಡೂ ನೋಡಲು ಚೆಂದ, ಆದರೆ ಮೆನುವಿನ ಒಳಗೆ ಕೈ ಹಾಕಲು ಬಿಡುವುದು ಕಡಿಮೆ.

ಹೆಜ್ಜೆ 6: ಕನ್ನಡ ಅಕ್ಷರ

ನಮ್ಮ ಕಡೆ ಜಾಸ್ತಿ ಜನ ಸೋಲುವುದು ಇಲ್ಲಿ. ಮೆನು ಸಾಫ್ಟ್‌ವೇರ್‌ಗಳಲ್ಲಿ ಜಾಸ್ತಿ ಪಾಲು ಇಂಗ್ಲಿಷ್ ಅಕ್ಷರಕ್ಕೆ ಮಾಡಿದವು. ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅರ್ಕಾವತ್ತು ತಪ್ಪಿಹೋಗುತ್ತದೆ. ಪರೀಕ್ಷೆಗೆ "ದಂಪತಿ ಮುಹೂರ್ತ" ಅಂತ ಬರೆಯಿರಿ. "ಸ್ತ್ರೀ", "ಮಕ್ಕಂದೂರು" ಬರೆಯಿರಿ. ಮೂರೂ ಸರಿ ಕಂಡರೆ ಆ ಸಾಫ್ಟ್‌ವೇರ್ ಒಳಗೇ ಬರೆದುಕೊಳ್ಳಬಹುದು.

ಸರಿ ಕಾಣದಿದ್ದರೆ ಅದನ್ನು ಅಲ್ಲಿಗೇ ಬಿಡಬೇಡಿ. ಅಕ್ಷರವನ್ನು ಚಿತ್ರದಲ್ಲೇ ಬರೆದುಬಿಡಿ. ನಾನು ಯಾವಾಗಲೂ ಹೀಗೇ ಮಾಡುತ್ತೇನೆ. ಜಿಂಪ್ ಅಥವಾ ಇಂಕ್‌ಸ್ಕೇಪ್ ತೆರೆಯಿರಿ, ಎರಡೂ ಬಿಟ್ಟಿ, ಎರಡರಲ್ಲೂ ಕನ್ನಡ ಯುನಿಕೋಡ್ ಸರಿಯಾಗಿ ಬರುತ್ತದೆ. 4:3 ಮೆನುವಿಗೆ 768ಕ್ಕೆ 576 ಅಳತೆಯ ಚಿತ್ರ ಮಾಡಿ, ಅಗಲದ ಮೆನುವಿಗೆ 1024ಕ್ಕೆ 576. ಎಲ್ಲ ಮುಗಿದ ಮೇಲೆ ಅದನ್ನು 720ಕ್ಕೆ 576ಕ್ಕೆ ಕುಗ್ಗಿಸಿ. ಕಂಪ್ಯೂಟರಿನಲ್ಲಿ ಮುಖಗಳು ಉದ್ದವಾಗಿ ಕಾಣುತ್ತವೆ, ಟಿವಿಯಲ್ಲಿ ಸರಿಯಾಗುತ್ತದೆ. ಡಿವಿಡಿಯ ಪಿಕ್ಸೆಲ್ ಚೌಕವಾಗಿಲ್ಲ, ಅದಕ್ಕೆ ಹೀಗೆ.

ಫಾಂಟ್‌ಗೆ ನೋಟೋ ಸ್ಯಾನ್ಸ್ ಕನ್ನಡ, ದಪ್ಪದ್ದು. ಟಿವಿಯಲ್ಲಿ ತೆಳು ಅಕ್ಷರ ಮಿಣುಕುತ್ತದೆ. ಗೆರೆ ಎಳೆದರೆ ಮೂರು ಪಿಕ್ಸೆಲ್‌ಗಿಂತ ತೆಳು ಬೇಡ. ಅಚ್ಚ ಕೆಂಪು ಅಕ್ಷರ ಹಳೆಯ ಟಿವಿಯಲ್ಲಿ ಪಕ್ಕಕ್ಕೆ ಹರಡುತ್ತದೆ, ಕಡು ಹಿನ್ನೆಲೆಯ ಮೇಲೆ ಕೆನೆಬಣ್ಣ ಒಳ್ಳೆಯದು. ಅಕ್ಷರದ ಅಳತೆ 36 ಪಿಕ್ಸೆಲ್‌ಗಿಂತ ಕಡಿಮೆ ಮಾಡಬೇಡಿ. ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿ.

ಹೆಸರುಗಳನ್ನು ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟಿನಲ್ಲಿ ಯಾರಾದರೂ ಟೈಪ್ ಮಾಡಿ ಕೊಟ್ಟಿದ್ದರೆ ಅದನ್ನು ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಒಕ್ಕದ ಹೆಸರು, ಅಜ್ಜ ಅಜ್ಜಿಯರ ಹೆಸರು ಎಲ್ಲವನ್ನೂ ಮನೆಯವರಿಗೆ ಒಮ್ಮೆ ತೋರಿಸಿ. ಹೆಸರು ತಪ್ಪಾದರೆ ಜನರಿಗೆ ನಿಜವಾಗಿ ನೋವಾಗುತ್ತದೆ.

ಈ ಚಿತ್ರವನ್ನು ಮೆನು ಸಾಫ್ಟ್‌ವೇರ್‌ನಲ್ಲಿ ಹಿನ್ನೆಲೆಯಾಗಿ ಹಾಕಿ. ಪ್ರತಿ ಹೆಸರಿನ ಎಡಕ್ಕೆ ಅಕ್ಷರವಿಲ್ಲದ ಬಟನ್ ಒಂದನ್ನು, ಬಾಣದ ಗುರುತಿನಂಥದ್ದನ್ನು, ಇಡಿ. ಅಷ್ಟೇ. ಕನ್ನಡ ಬಾರದ ಸಾಫ್ಟ್‌ವೇರ್‌ನಲ್ಲೂ ಅಪ್ಪಟ ಕನ್ನಡ ಮೆನು ಸಿದ್ಧ. ಪ್ಲೇಯರ್‌ನಲ್ಲಿ ಫಾಂಟ್ ಇರಬೇಕು ಅನ್ನುವ ಚಿಂತೆಯೂ ಇಲ್ಲ, ಪ್ಲೇಯರ್‌ಗೆ ಇದು ಬರೀ ಚಿತ್ರ. ಹೆಸರುಗಳ ಮುಂದೆ 1, 2, 3 ಅಂತ ಸಂಖ್ಯೆಯನ್ನೂ ಬರೆಯಿರಿ. ತುಂಬ ಪ್ಲೇಯರ್‌ಗಳಲ್ಲಿ ರಿಮೋಟ್‌ನ ಸಂಖ್ಯೆ ಒತ್ತಿದರೆ ಆ ಬಟನ್ ಆರಿಸಿದಂತೆ ಆಗುತ್ತದೆ. ಬಟನ್‌ಗಳನ್ನು ಅದೇ ಕ್ರಮದಲ್ಲಿ ಸೇರಿಸಿದರೆ ಸಾಕು. ಓದಲು ಕಷ್ಟಪಡುವವರಿಗೆ "ಆರು ಒತ್ತಿ ಅಜ್ಜಿ" ಅಂತ ಹೇಳಿಬಿಡಬಹುದು.

ಹೆಜ್ಜೆ 7: ಹತ್ತು ನಿಮಿಷದ ಪರೀಕ್ಷೆ

ಪೂರ್ತಿ ಮದುವೆ ಹಾಕಿ ಪರೀಕ್ಷೆ ಮಾಡಬೇಡಿ. ಒಂದೊಂದು ನಿಮಿಷದ ಆರು ತುಣುಕು ತೆಗೆದುಕೊಳ್ಳಿ. ಮೊದಲ ಮೆನು, ಎರಡನೇ ಮೆನು, ಆರು ಬಟನ್. ನಿಮ್ಮ ಹಾಳೆಯಲ್ಲಿದ್ದ ಹಾಗೇ ಬಾಣಗಳನ್ನು ಕೊಡಿ. ಮೆನುವಿನ ಹಿಂದೆ ವಾಲಗ ಬೇಕಿದ್ದರೆ ಅರ್ಧ ನಿಮಿಷದ್ದು ಹಾಕಿ. ಸುತ್ತು ಮುಗಿದು ಮತ್ತೆ ಶುರುವಾಗುವಾಗ ಪ್ಲೇಯರ್ ಒಂದು ಕ್ಷಣ ತಡೆಯುತ್ತದೆ, ಅದಕ್ಕೆ ತಾಳ ನಡುವೆ ಕತ್ತರಿಸದ ಜಾಗ ನೋಡಿ ತುಂಡು ಮಾಡಿ.

ಡಿಸ್ಕಿಗೆ ಹಾಕುವ ಮೊದಲು ಫೋಲ್ಡರ್ ಆಗಿ ಉಳಿಸಿ. ವಿಡಿಯೋ_ಟಿಎಸ್ ಅನ್ನುವ ಫೋಲ್ಡರ್ ಸಿಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ವಿಡಿಯೋ ನೋಡುವ ವಿಎಲ್‌ಸಿ ಪ್ರೋಗ್ರಾಂನಲ್ಲಿ ತೆರೆದರೆ ಮೆನು ಓಡುತ್ತದೆ. ಆದರೆ ವಿಎಲ್‌ಸಿ ತುಂಬ ಉದಾರಿ. ಮನೆಯ ಪ್ಲೇಯರ್ ಒಪ್ಪದ ಎಷ್ಟೋ ತಪ್ಪುಗಳನ್ನು ಅದು ಕ್ಷಮಿಸಿಬಿಡುತ್ತದೆ. ಅದಕ್ಕೆ ಅಳಿಸಿ ಮತ್ತೆ ಬರೆಯಲು ಬರುವ ಡಿವಿಡಿ-ಆರ್‌ಡಬ್ಲ್ಯೂ ಡಿಸ್ಕ್ ಒಂದನ್ನು ಇಟ್ಟುಕೊಳ್ಳಿ. ಅದನ್ನು ಓದುವ ಪ್ಲೇಯರ್‌ಗಳಲ್ಲಿ ಸಿಕ್ಕ ಅತಿ ಹಳೆಯದು, ಅದಕ್ಕೆ ಅತಿ ಹಳೆಯ ಟಿವಿ. ಅಲ್ಲಿ ಹಾಕಿ ನೋಡಿ.

ಆರು ಬಟನ್‌ಗಳನ್ನೂ ಒತ್ತಿ. ಕೆಳಗಿನ ಬಟನ್‌ನಿಂದ ಮತ್ತೆ ಕೆಳಗೆ ಒತ್ತಿದರೆ ಮೇಲಕ್ಕೆ ಬರುತ್ತದಾ ನೋಡಿ. ವಿಡಿಯೋ ಓಡುವಾಗ ರಿಮೋಟ್‌ನ ಮೆನು ಕೀಲಿ ಒತ್ತಿ, ಆಮೇಲೆ ಟೈಟಲ್ ಕೀಲಿ ಒತ್ತಿ. ಡಿವಿಡಿಯಲ್ಲಿ ಇವೆರಡೂ ಬೇರೆ ಬೇರೆ ಜಾಗಕ್ಕೆ ಹೋಗುವ ಕೀಲಿಗಳು. ಕೆಲವು ಸಾಫ್ಟ್‌ವೇರ್ ಒಂದನ್ನು ಮಾತ್ರ ತುಂಬಿಸಿ ಇನ್ನೊಂದನ್ನು ಖಾಲಿ ಬಿಡುತ್ತವೆ, ಆಗ ಒತ್ತಿದರೆ ಏನೂ ಆಗುವುದಿಲ್ಲ. ನೋಡುವವರು ಡಿಸ್ಕ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಕೊನೆಗೆ ರಿಮೋಟನ್ನು ಮನೆಯ ಹಿರಿಯರೊಬ್ಬರ ಕೈಗೆ ಕೊಡಿ. ಏನೂ ಹೇಳಬೇಡಿ, ಸುಮ್ಮನೆ ನೋಡಿ. ಅವರ ಬೆರಳು ಎಲ್ಲಿ ತಡೆಯುತ್ತದೋ ಅಲ್ಲಿ ಮೆನು ತಿದ್ದಬೇಕು. ತಿದ್ದಲು ಸಾಫ್ಟ್‌ವೇರ್ ಬಿಡದಿದ್ದರೆ ಅದು ನಿಮಗೆ ಬೇಡ. ಮುಂದಿನದಕ್ಕೆ ಹೋಗಿ.

ಹೆಜ್ಜೆ 8: ಡಿಸ್ಕಿಗೆ ಬರೆಯುವುದು

ಮೆನು ಸಾಫ್ಟ್‌ವೇರ್‌ನಿಂದಲೇ ನೇರವಾಗಿ ಬರ್ನ್ ಮಾಡಬೇಡಿ. ಮೊದಲು ಐಎಸ್‌ಒ ಫೈಲ್, ಅಂದರೆ ಇಡೀ ಡಿಸ್ಕನ್ನು ಒಂದೇ ಫೈಲಿನಲ್ಲಿ ಹಿಡಿದಿಟ್ಟದ್ದು, ಮಾಡಿ. ಆಮೇಲೆ ಇಮ್ಗ್‌ಬರ್ನ್‌ನಂಥ ಪ್ರೋಗ್ರಾಂನಿಂದ ಬರೆಯಿರಿ, ಮುಗಿದ ಮೇಲೆ ಬರೆದದ್ದು ಸರಿ ಇದೆಯಾ ಅಂತ ವೆರಿಫೈ ಮಾಡಲು ಬಿಡಿ. ವೇಗ 4ಎಕ್ಸ್ ಅಥವಾ 8ಎಕ್ಸ್ ಸಾಕು. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್‌ನಲ್ಲಿ ಬರೆಯಲು ಕೂರಬೇಡಿ, ನಡುವೆ ಕರೆಂಟು ಹೋದರೆ ಆ ಡಿಸ್ಕ್ ಹೋಯಿತು. ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ವಾಸಿ. ಡಿಸ್ಕ್ ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ, ನಮ್ಮ ತೇವಕ್ಕೆ ಅದು ಏಳುತ್ತದೆ, ಪ್ಲೇಯರ್ ಒಳಗೆ ಸಿಕ್ಕಿಕೊಳ್ಳುತ್ತದೆ. ಡಿಸ್ಕಿಗೆಂದೇ ಇರುವ ಮಾರ್ಕರ್ ಪೆನ್ನಿನಲ್ಲಿ ಬರೆಯಿರಿ.

ಆ ಐಎಸ್‌ಒ ಫೈಲನ್ನೂ ಮೆನುವಿನ ಮೂಲ ಚಿತ್ರವನ್ನೂ ಹಾರ್ಡ್‌ಡಿಸ್ಕ್‌ನಲ್ಲಿ ಆ ಮನೆಯ ಹೆಸರಿನ ಫೋಲ್ಡರ್‌ನಲ್ಲಿ ಇಡಿ. ಎರಡು ಮಳೆಗಾಲ ಕಳೆದ ಮೇಲೆ ಯಾರಾದರೂ ಫೋನ್ ಮಾಡಿ "ಡಿಸ್ಕಿಗೆ ಬೂಷ್ಟು ಬಂದಿದೆ, ಇನ್ನೊಂದು ಕೊಡ್ತೀರಾ" ಅಂತ ಕೇಳುತ್ತಾರೆ. ಫೈಲ್ ಇದ್ದರೆ ಕಾಲು ಗಂಟೆಯ ಕೆಲಸ.